ಎಡಗಡೆಯ ಕಡ್ಡಿ

ಫೆಬ್ರವರಿ 25, ಬುಧವಾರ

ಏಡಿ ಅದ್ದಿಟ್ಟ ಅರವತ್ತೊಂದು ಜಾಡಿಗಳಿಗೆ ಸ್ಪಿರಿಟ್ ತುಂಬಿಸಿದ್ದಾಯಿತು. ಒಂದು ಮುಚ್ಚಳವಾದರೂ ಸಲೀಸಾಗಿ ಬಿಡಬಾರದೇ? ಬೆರಳ ತುದಿಯೆಲ್ಲ ಬಿರುಕು. ತಂಗಿ ಮೂಗು ಮುಚ್ಚಿಕೊಂಡೇ ಊಟಕ್ಕೆ ಕೂತಳು. ದಿನವಿಡೀ ಊರವರ ಬಾಯೊಳಗೆ ಮುಖ ತೂರಿಸುವ ಹಲ್ಲಿನ ಡಾಕ್ಟರಿಗೆ ನನ್ನ ವಾಸನೆ ಆಗುವುದಿಲ್ಲವಂತೆ!

ಸಿಹಿನೀರಿನ ಏಡಿಗಳ ಲೇಖನಕ್ಕೆ ಒಪ್ಪಿಗೆ ಸಿಕ್ಕಿ ಮೂರು ವಾರ. ಹೊಸ ಕುಲ, ಇಂಗ್ಲಿಷಿನ ಜೀನಸ್. ಇಪ್ಪತ್ತಾರು ವರ್ಷದ ಮ್ಯೂಸಿಯಂ ನೌಕರಿಯಲ್ಲಿ ನಾನು ಹೆಸರಿಡುವ ಮೊದಲ ಕುಲ. ಮೇಷ್ಟ್ರಿಗೆ ಹೇಳಿದ್ದು ನವೆಂಬರ್‌ನಲ್ಲಿ. ಅವರು ಕಟ್ಟಿದ ಕುಲದಿಂದಲೇ ಒಂದು ಪ್ರಭೇದವನ್ನು ಹೊರತೆಗೆದು ಬೇರೆ ಮನೆ ಮಾಡಿಕೊಟ್ಟಿದ್ದೇನೆ ಅಂದೆ. "ಸರಿ" ಅಂದು ಫೋನ್ ಇಟ್ಟರು. ಅಂದಿನಿಂದ ಮಾತಿಲ್ಲ. ಏಡಿಯನ್ನು ಹೇಗೆ ಹಿಡಿಯಬೇಕು ಅನ್ನುವುದರಿಂದ ಹಿಡಿದು ಎಲ್ಲ ಕಲಿಸಿದವರು...

ಮಾರ್ಚ್ 4, ಬುಧವಾರ

ಪ್ರೂಫ್ ಬಂತು! ನಾನಿಟ್ಟ ಹೆಸರು ಅಚ್ಚಕ್ಷರದಲ್ಲಿ. ಮೂರು ಸಲ ಓದಿದೆ. ತಂಗಿಗೆ ಚಿತ್ರ ತೋರಿಸಿದೆ.

"ಇದೇನೇ ಇದು, ಬಗ್ಗಿದ ಸೂಜಿ?"

"ಗಂಡೇಡಿ ಹೊಟ್ಟೆ ಕೆಳಗೆ ಇಂಥ ಕಡ್ಡಿಗಳು ಒಂದು ಜೊತೆ ಇರ್ತವೆ. ಸಂಸಾರದ ಸಾಮಾನು. ಮೇಷ್ಟ್ರ ಕುಲದಲ್ಲಿ ತುದಿ ಒಳಕ್ಕೆ ಬಾಗಿರುತ್ತೆ. ಇದರದ್ದು ಹೊರಕ್ಕೆ."

"ಅಷ್ಟಕ್ಕೇ ಬೇರೆ ಕುಲಾನಾ?"

"ಅಷ್ಟಕ್ಕೇ."

"ನಿನ್ನದೂ ಒಂದು ಕೆಲಸ!"

ಸೋಮವಾರ ಮಧ್ಯಾಹ್ನ ಹನ್ನೆರಡರೊಳಗೆ ತಿದ್ದಿ ಕಳಿಸಬೇಕು. ಆಮೇಲೆ ಅಚ್ಚು. ತಪ್ಪಿದ್ದರೆ ಸತ್ತ ಮೇಲೂ ಬೆನ್ನು ಬಿಡುವುದಿಲ್ಲ.

ಮಾರ್ಚ್ 5, ಗುರುವಾರ. ಬೆಳಿಗ್ಗೆ 7:40

ತಂಗಿ ಕಾಫಿ ಕುಡಿಯುತ್ತ ತನ್ನ ಹೊಸ ನರ್ಸಿನ ಕಥೆ ಹೇಳುತ್ತಿದ್ದಳು. "ಎಡಗೈಯವಳು ಕಣೇ. ಇಕ್ಕಳ ಎಲ್ಲಾ ಆ ಕಡೆ ಇಟ್ಟುಬಿಡ್ತಾಳೆ. ನಾನು ಕೈ ಚಾಚಿದ್ರೆ ಬರೀ ಗಾಳಿ!" ನಕ್ಕೆ. ನಗು ಅರ್ಧಕ್ಕೇ ನಿಂತಿತು.

ಮೇಷ್ಟ್ರೂ ಎಡಗೈಯವರು.

ನಮ್ಮಲ್ಲೊಂದು ನಿಯಮ. ಕತ್ತರಿಸುವುದು ಏಡಿಯ ಎಡಗಡೆಯ ಕಡ್ಡಿ ಮಾತ್ರ, ಬಲದ್ದು ಮೈಮೇಲೇ ಇರಬೇಕು. ಅಂಗಾತ ಮಲಗಿಸಿದರೆ ಅದರ ಎಡ ನಮ್ಮ ಬಲಗೈಗೆ ಸಿಗುತ್ತದೆ, ಅದಕ್ಕೇ. ಆದರೆ ನನ್ನ ಚಿತ್ರದ ಏಡಿಯ ಕಡ್ಡಿ ಕತ್ತರಿಸಿ ಪುಟ್ಟ ಸೀಸೆಗೆ ಹಾಕಿದ್ದು ನಾನಲ್ಲ. ಮೇಷ್ಟ್ರು, ಮೂವತ್ತೆಂಟು ವರ್ಷದ ಹಿಂದೆ. ಅವರ ಎಡಗೈಗೆ ಸಲೀಸಾಗಿ ಸಿಗುವುದು ಬಲದ ಕಡ್ಡಿ! ನಾನು ಎಡದ್ದೆಂದೇ ನಂಬಿ ಚಿತ್ರ ಬರೆದೆ. ಎಡ ಬಲ ಎರಡೂ ಕನ್ನಡಿಯ ಬಿಂಬದ ಹಾಗೆ, ಬಲದ್ದಾಗಿದ್ದರೆ ನನ್ನ 'ಹೊರಕ್ಕೆ' ಎಲ್ಲ 'ಒಳಕ್ಕೆ'. ಹೊಸ ಕುಲವೇ ಇಲ್ಲ. ಮೇಷ್ಟ್ರನ್ನು ನೋಯಿಸಿದ್ದೊಂದೇ ಲಾಭ.

ಮೈಮೇಲೆ ಉಳಿದ ಕಡ್ಡಿಯನ್ನಾದರೂ ನೋಡಿದೆನೇ? ಇರುವುದೊಂದೇ ಗಂಡು, ಹೊಟ್ಟೆಯ ಮಡಿಕೆ ಎತ್ತಿದರೆ ಮುರಿದೀತು ಅಂತ ಮುಟ್ಟಲೇ ಇಲ್ಲ. ದಡ್ಡಿ, ಶತದಡ್ಡಿ.

ಅದೇ ದಿನ, ಸಂಜೆ

ಜಾಡಿಗಳ ಕೋಣೆಗೆ ಬೀಗ. ಫ್ಯಾನ್ ಕೆಟ್ಟು ಸ್ಪಿರಿಟ್ ಆವಿ ತುಂಬಿದೆಯಂತೆ. ಸೋಮವಾರದವರೆಗೆ ಯಾರೂ ಒಳಗೆ ಹೋಗುವಂತಿಲ್ಲ, ಅಂದು ಎಷ್ಟು ಗಂಟೆಗೆ ತೆಗೆಯುತ್ತಾರೋ ಗೊತ್ತಿಲ್ಲ. ಕಾವಲುಗಾರನ ಹತ್ತಿರ ಅಂಗಲಾಚಿದೆ.

"ಮೇಡಂ, ನಲವತ್ತು ವರ್ಷದಿಂದ ಸತ್ತು ಬಿದ್ದಿರೋ ಏಡಿ. ಇನ್ನು ನಾಲ್ಕು ದಿನದಲ್ಲಿ ಎಲ್ಲಿಗೆ ಓಡಿಹೋಗುತ್ತೆ?"

ಉಳಿದದ್ದು ಮೇಷ್ಟ್ರನ್ನು ಕೇಳುವುದು. ನನ್ನ ಜುಟ್ಟನ್ನು ನಾನೇ ಅವರ ಕೈಗೆ ಕೊಟ್ಟ ಹಾಗೆ. ಬೇಡ.

ಮಾರ್ಚ್ 7, ಶನಿವಾರ

ನಿನ್ನೆ ಬರೆಯಲಿಲ್ಲ. ಮೂರು ಸಲ ನಂಬರ್ ಒತ್ತಿದೆ, ಮೂರು ಸಲವೂ ಕಟ್ ಮಾಡಿದೆ. ಇಂದು ಮೇಷ್ಟ್ರ ಮನೆಗೇ ಹೋದೆ. ಅವರೇ ಬಾಗಿಲು ತೆಗೆದರು.

"ಬಂದ್ಯಾ? ನಾಲ್ಕು ತಿಂಗಳು ಬೇಕಾಯ್ತಾ?"

"ನೀವೂ ಫೋನ್ ಮಾಡಬಹುದಿತ್ತು ಸರ್."

"ನಾನ್ಯಾಕೆ ಮಾಡ್ಲಿ? ಮನೆ ಒಡೆದವಳು ನೀನು."

ಒಂದೇ ಉಸಿರಿಗೆ ಎಲ್ಲ ಒದರಿಬಿಟ್ಟೆ. ಕೇಳಿ ಕೆಮ್ಮು ಬರುವವರೆಗೂ ನಕ್ಕರು. ಕನ್ನಡಕದ ಡಬ್ಬಿಯನ್ನು ಮೇಜಿನ ಮೇಲೆ ಅಂಗಾತ ಇಟ್ಟರು.

"ನೀವೆಲ್ಲಾ ಏಡಿ ತಲೆ ಆ ಕಡೆ ಮಾಡಿ ಇಡ್ತೀರ. ನಾನು ತಲೆ ನನ್ನ ಕಡೆ ಮಾಡಿ ಇಟ್ಕೋತಿದ್ದೆ. ಆಗ ಅದರ ಎಡ ನನ್ನ ಎಡಗೈಗೇ ಬರುತ್ತೆ. ನಿಯಮ ಮುರಿಯೋ ಆಸಾಮಿ ಅಲ್ಲ ನಾನು. ಏಡೀನೇ ತಿರುಗಿಸ್ತಿದ್ದೆ."

ಅಳು ಬಂದೇಬಿಟ್ಟಿತು. ಅಬ್ಬಾ, ಬದುಕಿದೆ!

"ಇನ್ನೂ ನಂಬಿಕೆ ಇಲ್ವಾ? ತಗೋ." ಹಳೆಯ ನೋಟ್‌ಬುಕ್ ತಂದರು. ಅದೇ ಏಡಿಯ ನಂಬರು, ಪೆನ್ಸಿಲ್ ಚಿತ್ರ. ಅದರಡಿ ಅವರದೇ ಅಕ್ಷರ — 'ಎಡದ್ದು. ತುದಿ ಹೊರಕ್ಕೆ. ಬೇರೆ ಕುಲವೇ? ಮತ್ತೆ ನೋಡಬೇಕು.'

ಮುಖ ನೋಡಿದೆ. ಅವರು ಕಿಟಕಿಯ ಕಡೆ ತಿರುಗಿದ್ದರು.

"ನೋಡಬೇಕು ಅಂತ ಬರೆದೆ. ನೋಡ್ಲಿಲ್ಲ ಕಣಮ್ಮ. ನಾನು ಕಟ್ಟಿದ್ದನ್ನ ನಾನೇ ಒಡೆಯೋಕೆ ಮನಸ್ಸು ಬರಲಿಲ್ಲ. ನವೆಂಬರ್‌ನಲ್ಲಿ ಕೋಪ ಬಂದಿದ್ದು ನಿನ್ನ ಮೇಲಲ್ಲ."

ಹೊಸ ಹೆಸರೇನು ಅಂತ ಕೇಳಿದರು. ಹೇಳಿದೆ. ಬಾಯಲ್ಲೇ ಎರಡು ಸಲ ಹೊರಳಿಸಿ ನೋಡಿದರು. "ಪರವಾಗಿಲ್ಲ." ಇಪ್ಪತ್ತಾರು ವರ್ಷದಲ್ಲಿ ಆ ಮಾತು ಅವರಿಂದ ಕೇಳಿದ್ದು ಇದು ಎರಡನೇ ಸಲ.

ಮಾರ್ಚ್ 9, ಸೋಮವಾರ. 10:20

ಒಂಬತ್ತಕ್ಕೆ ಬೀಗ ತೆಗೆದರು. ಮೇಷ್ಟ್ರನ್ನು ನಂಬಿದ್ದೇನೆ, ಆದರೂ ನೋಡಬೇಕಲ್ಲ. ಬ್ರಷ್ಷಿನ ತುದಿಯಿಂದ ಮಡಿಕೆ ಎತ್ತಿದೆ. ಮುರಿಯಲಿಲ್ಲ. ಬಲದ ಕಡ್ಡಿ ಮೈಮೇಲೇ ಇದೆ. ತುದಿ ಹೊರಕ್ಕೆ!

ಬಾಗಿಲಲ್ಲಿ ಕಾವಲುಗಾರ. "ಓಡಿಹೋಗಿರಲಿಲ್ಲ ತಾನೇ?"

"ಇಲ್ಲಪ್ಪ, ನನ್ನನ್ನೇ ಕಾಯ್ತಾ ಕೂತಿತ್ತು."

11:35

ಕಳಿಸಿಯಾಯಿತು. ಒಂದೇ ಸಾಲು ಸೇರಿಸಿದೆ. ಈ ವ್ಯತ್ಯಾಸವನ್ನು ಮೊದಲು ಗುರುತಿಸಿದವರು ಮೇಷ್ಟ್ರು, ಮೂವತ್ತೆಂಟು ವರ್ಷದ ಹಿಂದೆ, ತಮ್ಮ ನೋಟ್‌ಬುಕ್ಕಿನಲ್ಲಿ — ಅಂತ. ಕೇಳದೇ ಸೇರಿಸಿದ್ದು. ಪ್ರತಿ ಅವರಿಗೂ ಹೋಗಿದೆ. ಬೈಯಲಿ ಬಿಡು. ಉಸ್ಸಪ್ಪಾ...

11:50

ಫೋನ್ ಬಂತು. "ಆ ಸಾಲು ತೆಗಿ" ಅಂದರು. ಕಳಿಸಿಯಾಯ್ತು ಸರ್ ಅಂದೆ. ಆ ಕಡೆ ಮೂಗು ಒರೆಸಿಕೊಳ್ಳುವ ಸದ್ದು. ಆಮೇಲೆ, "ಮೂರನೇ ಕಪಾಟು, ಕೆಳಗಿನ ಸಾಲು, ಗೋಡೆ ಕಡೆ ಇನ್ನೊಂದು ಜಾಡಿ ಇದೆ. ಅದರ ಮೇಲೂ 'ನೋಡಬೇಕು' ಅಂತ ಬರೆದಿದ್ದೀನಿ. ಮತ್ತೆ ಬೀಗ ಬೀಳೋಕೆ ಮುಂಚೆ ಹೋಗು."

ಮೂವತ್ತೆಂಟು ವರ್ಷದ ಮುಚ್ಚಳ, ಎಷ್ಟು ಬಿಗಿದಿದೆಯೋ. ಕಾವಲುಗಾರನನ್ನೂ ಕರೆಯಬೇಕು, ಒಬ್ಬಳ ಕೈಲಿ ಆಗದು. ಹೊರಟೆ.