ಕುದುರೆ ಟ್ರಾಮಿನ ಬ್ರೇಕು

14 ಜನವರಿ 2008, ಬೆಳಿಗ್ಗೆ
ಕುದುರೆ ನಜ್ಮಾಗೆ ಮಾಲೀಸು, ನೀರು, ಹುಲ್ಲು. ಆಮೇಲೆ ನನ್ನ ಚಹಾ. ಕೊಲ್ಲಿ ದೇಶದ ಅಲ್ ವಕ್ರಾ ಊರಿನ ಈ ಹೊಸ ಬಜಾರಿನಲ್ಲಿ ಗೇಟಿನಿಂದ ಸಮುದ್ರದವರೆಗೆ ಹಳಿ ಹಾಕಿ ಕುದುರೆ ಟ್ರಾಂ ಬಿಟ್ಟಿದ್ದಾರೆ. ಇವತ್ತೇ ಶುರು. ವಿಜಾಪುರದಲ್ಲಿ ಟಾಂಗಾ ಹೊಡೆದವನಿಗೆ ಇದೇನು ಮಹಾ...

ಸಂಜೆ
ಮಹಾ! ನಿಲ್ಲಿಸಲು ರೂಢಿಯಂತೆ ಲಗಾಮು ಜಗ್ಗಿದೆ. ನಜ್ಮಾ ನಿಂತಳು, ಟ್ರಾಂ ನಿಲ್ಲಲಿಲ್ಲ. ಹಳಿ ಮೇಲೆ ಉರುಳಿ ಬಂದು ಅವಳ ಹಿಂಗಾಲಿಗೆ ಬಡಿಯಿತು. ಟಾಂಗಾಕ್ಕೆ ಕುದುರೆಯೇ ಬ್ರೇಕು. ಇಲ್ಲಿ ಮೊದಲು ಕೈಬ್ರೇಕು ತಿರುಗಿಸಬೇಕು — ಹೇಳಿಕೊಟ್ಟಿದ್ದರು, ಕೈ ಕೇಳಲಿಲ್ಲ. ಸಣ್ಣ ಗಾಯ. ಅವಳ ಮುಖ ನೋಡಲು ನಾಚಿಕೆಯಾಯಿತು.
ಸೂಪರ್‌ವೈಸರ್ ಯಜ್ಞೇಶ್, ಉಡುಪಿಯವರು: "ಇನ್ನೊಂದ್ಸಲ ಹೀಗಾದ್ರೆ ಖಲಾಸ್ ಮಾರಾಯ್ರೆ."
"ಆಗಂಗಿಲ್ಲರೀ ಸರ," ಅಂದೆ. ಆಗಗೊಡುವುದಿಲ್ಲ.

2 ಫೆಬ್ರವರಿ
ಈಗ ಲಗಾಮು ಜಗ್ಗುವುದೇ ಇಲ್ಲ. ಬ್ರೇಕು ಕಿರ್ ಅಂದರೆ ನಜ್ಮಾ ತಾನೇ ನಿಲ್ಲುತ್ತಾಳೆ. ಫೋನಿನಲ್ಲಿ ಹೆಂಡತಿ ಲಕ್ಕವ್ವ, "ಕುದ್ರಿ ಶಾಣ್ಯಾ ಆತು. ನೀವು ಯಾವಾಗ ಆಗ್ತೀರಿ?" ಅಂದಳು.

6 ಮೇ
ಸೆಕೆ. ಜನ ಇಲ್ಲ. ಟ್ರಾಂ ಬಂದ್. ಇಷ್ಟಕ್ಕೇ ಮುಗಿಯಿತು... ಬ್ಯಾಟರಿ ಗಾಡಿ ಬರುತ್ತದಂತೆ. ನನಗೆ ಹದಿನೈದಕ್ಕೆ ಊರಿನ ಟಿಕೆಟ್. ನಜ್ಮಾಳನ್ನು ಅಲ್ ರಯ್ಯಾನಿನ ಮಕ್ಕಳ ಸವಾರಿ ಶಾಲೆಯವರು ಕೇಳಿದ್ದಾರೆ. ಒಳ್ಳೇ ಜಾಗ, ನೆರಳಿದೆ.

8 ಮೇ
ಶಾಲೆಯವರು ಬಂದರು. ಬೆನ್ನೇರಿ, ನಿಲ್ಲಿಸಲು ಲಗಾಮು ಜಗ್ಗಿದರು. ನಜ್ಮಾ ನಿಲ್ಲಲಿಲ್ಲ! ಕಿವಿ ಹಿಂದಕ್ಕೆ ತಿರುಗಿಸಿ ನಡೆದೇ ನಡೆದಳು — ಬ್ರೇಕಿನ ಸದ್ದಿಗೆ ಕಾಯುತ್ತ. "ಮಾಫಿ, ಬೇಡ, ಮಕ್ಕಳಿಗೆ ಆಗದು" ಅಂದುಬಿಟ್ಟರು. ಅವರು ಬೇಡವೆಂದರೆ ಹರಾಜು. ಯಾರ ಕೈಗೋ, ಯಾವ ಬಿಸಿಲಿಗೋ.
ಕಲಿಸಿದವನು ನಾನು. ಮರೆಸುವವನೂ ನಾನೇ.
"ಹದಿನಾಲ್ಕಕ್ಕ ಇನ್ನೊಮ್ಮಿ ನೋಡ್ಲಿರೀ ಸರ. ನಿಂದ್ರಿಸಿ ತೋರಸ್ತೀನಿ."
"ಎಂಥ ಹಟ ಮಾರಾಯ್ರೆ ನಿಮ್ದು! ಯಲ್ಲಾ, ಆಯ್ತು, ಕೇಳಿ ನೋಡ್ತೇನೆ," ಅಂದರು ಯಜ್ಞೇಶ್.

11 ಮೇ
ಹಳಿ ಕೀಳುತ್ತಿದ್ದಾರೆ. ಕಬ್ಬಿಣ ಕಿರ್ ಅಂದಾಗಲೆಲ್ಲ ನಜ್ಮಾ ನಿಲ್ಲುತ್ತಾಳೆ. ನಗು ಬಂತು, ಸಂಕಟವೂ ಆಯಿತು. ಸದ್ದು ಕೇಳದಷ್ಟು ದೂರ, ದಂಡೆಗುಂಟ ಕರೆದೊಯ್ದೆ. ಲಗಾಮು, ಬೆಲ್ಲ. ಮತ್ತೆ ಲಗಾಮು. ಇವತ್ತೂ ಇಲ್ಲ. ಬಿಡುವುದಿಲ್ಲ.

14 ಮೇ, ಬೆಳಿಗ್ಗೆ
ಈಗಷ್ಟೇ ಒಂದು ಸುತ್ತು ಹೋಗಿ ಬಂದೆ. ಲಗಾಮು ಮೆಲ್ಲಗೆ ಹಿಡಿದೆ. ಕಿವಿ ಹಿಂದಕ್ಕೆ ಹೋಯಿತು. ಬಾಯಲ್ಲೇ ಕಿರ್ ಅನ್ನಬೇಕೆನಿಸಿತು — ಅನ್ನಲಿಲ್ಲ. ಕಿವಿ ಮುಂದಕ್ಕೆ ಬಂತು. ನಿಂತಳು! ಕುತ್ತಿಗೆ ತಬ್ಬಿಕೊಂಡು ಅತ್ತುಬಿಟ್ಟೆ.
ಯಜ್ಞೇಶ್ ಕೂಗುತ್ತಿದ್ದಾರೆ, ಶಾಲೆಯವರು ಬಂದರಂತೆ. ನಾನು ಏರುವುದಿಲ್ಲ. ನಾಳೆಯಿಂದ ನಾನಿರುವುದಿಲ್ಲ, ಅವರೇ ಏರಲಿ. ಲಗಾಮು ಅವರ ಕೈಗೆ ಕೊಟ್ಟು ನಾನು ದೂರ —