ಎಡ ಭುಜದ ಪಟ್ಟಿ

ಜೂನ್ 3, 2025. ಮಂಗಳವಾರ, ಸಂಜೆ

ಮತ್ತೆ ಅದೇ ಜಾಗದಲ್ಲಿ ನೋವು. ಬಲ ಸೊಂಟ. ಎಂಟು ಗಂಟೆ ಕಾರಿನಲ್ಲಿ ಕೂತರೆ ಬೆಲ್ಟಿನ ಪಿಸ್ತೂಲು ಮೂಳೆಗೆ ಒತ್ತುತ್ತದೆ. ಸ್ನಾನ ಮಾಡುವಾಗ ನೋಡಿಕೊಂಡೆ. ಬದನೆಕಾಯಿ ಬಣ್ಣ.

ಕಂಪನಿಯ ಡಿಪೋದಲ್ಲಿ ಡ್ಯಾರಿಲ್‌ಗೆ ಹೇಳಿದೆ. ಆಯುಧದ ಕೋಣೆ ಅವನದು. ಬೆಳಗ್ಗೆ ಸಹಿ ಹಾಕಿಸಿಕೊಂಡು ಕೊಡುತ್ತಾನೆ, ಸಂಜೆ ಸಹಿ ಹಾಕಿಸಿಕೊಂಡು ವಾಪಸ್ ತೆಗೆದುಕೊಳ್ಳುತ್ತಾನೆ. ಮನೆಗೆ ಒಯ್ಯುವಂತಿಲ್ಲ. ನನ್ನ ಪ್ರಾಣ ಕಾಪಾಡಿಕೊಳ್ಳಲು ಆಸ್ಟ್ರೇಲಿಯಾ ಪಿಸ್ತೂಲು ಕೊಡುವುದಿಲ್ಲ. ಬೇರೆಯವರ ಬಂಗಾರ ಕಾಪಾಡಲು ಕೊಡುತ್ತದೆ.

ಮೇಜಿನ ಮೇಲೆ ಮೂರು ಇಟ್ಟ. ದೊಡ್ಡದು ಜಾಕೆಟ್ಟಿನೊಳಗೆ ಗೂನಿನ ಹಾಗೆ ಕಾಣುತ್ತದೆ. ತೀರಾ ಚಿಕ್ಕದು ಅಂಗೈಯಲ್ಲಿ ಮುಚ್ಚಿಹೋಗುತ್ತಿತ್ತು... ಆಸೆಯಾಯಿತು. ರೇಂಜಿನಲ್ಲಿ ಐದು ಗುಂಡು ಹಾರಿಸಿದೆ. ಮೂರು ಕಾಗದಕ್ಕೇ ತಾಗಲಿಲ್ಲ. ಚಿಕ್ಕದಾದಷ್ಟೂ ಜಾಸ್ತಿ ಒದೆಯುತ್ತದೆ ಎಂದ ಡ್ಯಾರಿಲ್. ನಡುವಿನದನ್ನು ಆರಿಸಿಕೊಂಡೆ. ಗುಂಡು ತುಂಬಿದರೆ ಮುಕ್ಕಾಲು ಕಿಲೋಗಿಂತ ಸ್ವಲ್ಪ ಹೆಚ್ಚು.

ಬೆಲ್ಟಿನ ಬದಲು ಭುಜದ ಪಟ್ಟಿ ಕೊಟ್ಟ. ಎಡ ಭುಜದಿಂದ ಬೆನ್ನಿಗೆ ಅಡ್ಡಲಾಗಿ ಇಳಿದು ಬಲ ಸೊಂಟದಲ್ಲಿ ಸಿಕ್ಕಿಕೊಳ್ಳುತ್ತದೆ. ಪಿಸ್ತೂಲು ಎಡ ಕಂಕುಳಡಿ. ಚರ್ಮದ ಪಟ್ಟಿ ಕಿರುಬೆರಳಿನಷ್ಟೂ ಅಗಲವಿಲ್ಲ, ಹೆಣೆದ ಹುರಿಯ ಹಾಗಿದೆ.

ಜೂನ್ 12

ಒಂಬತ್ತು ದಿನ. ಸೊಂಟ ವಾಸಿ, ಭುಜ ಶುರು.

ಕಲಿತದ್ದು: ಬಗ್ಗಬಾರದು, ಕುಕ್ಕರಿಸಬೇಕು. ಕೆಳಗಿಟ್ಟ ಸಾಮಾನಿಗೆ ಎಡಗೈ ಚಾಚಬಾರದು. ಟಾಯ್ಲೆಟ್ಟಿನಲ್ಲಿ ಜಾಕೆಟ್ ಬಿಚ್ಚಬಾರದು. ಸೆಕೆಯಾದರೂ ಬಿಚ್ಚಬಾರದು. ಯಾರಾದರೂ ಅಪ್ಪಿಕೊಳ್ಳಲು ಬಂದರೆ ಬಲಗೈ ಮುಂದೆ ಮಾಡಬೇಕು.

ನನ್ನ ಜೊತೆ ಕಾರು ಓಡಿಸುವವನು ಜಾಕೊಬ್. ಮೂಡುಬಿದಿರೆ ಕಡೆಯವನು. ಹನ್ನೊಂದು ವರ್ಷದಿಂದ ಇದೇ ಕೆಲಸ.

“ಅದನ್ನು ಮುಟ್ಟಿ ಮುಟ್ಟಿ ನೋಡ್ಬೇಡ ಮಾರಾಯ,” ಎಂದ. “ಹೊಸ ಮದುಮಗ ಉಂಗುರ ನೋಡಿಕೊಂಡ ಹಾಗೆ ಮಾಡ್ತಿ. ಕಳ್ಳರಿಗೆ ನಾವೇ ಕಾಗದ ಬರೆದು ಹೇಳಿದ ಹಾಗೆ ಅದು.”

ಮುಟ್ಟುತ್ತಿದ್ದೆನಾ? ಗೊತ್ತೇ ಇರಲಿಲ್ಲ.

ಜೂನ್ 20, ಶುಕ್ರವಾರ

ಸಿಡ್ನಿಯ ಹ್ಯಾರಿಸ್ ಪಾರ್ಕ್. ಇಂಡಿಯನ್ ಬಂಗಾರದಂಗಡಿಗಳ ಬೀದಿ. ಹೆಗಲಿಗೆ ಊಟದ ಬ್ಯಾಗು. ಮೇಲಿನ ಡಬ್ಬಿಯಲ್ಲಿ ಚಿತ್ರಾನ್ನ, ಕೆಳಗೆ ಬಳೆ, ಸರ. ಯೂನಿಫಾರ್ಮ್ ಇಲ್ಲ, ಕಬ್ಬಿಣದ ಗಾಡಿ ಇಲ್ಲ. ಮೆಲ್ಬರ್ನಿನಲ್ಲಿ ಶಾಪಿಂಗ್ ಮಾಲ್ ಕಾಯುತ್ತಿದ್ದ ನನ್ನನ್ನು ಕಂಪನಿ ಏಳು ತಿಂಗಳ ಹಿಂದೆ ಸಿಡ್ನಿಗೆ ಕರೆಸಿದ್ದೇ ಇದಕ್ಕೆ. ಡ್ಯಾರಿಲ್ ಮುಚ್ಚುಮರೆ ಇಲ್ಲದೆ ಹೇಳಿದ್ದ: ಆ ಬೀದಿಯಲ್ಲಿ ನೀನು ಯಾರ ಕಣ್ಣಿಗೂ ಬೀಳುವುದಿಲ್ಲ.

ಕೂಡ್ಲಿಗಿಯಲ್ಲಿ ನಮ್ಮಪ್ಪನೂ ಯಾರ ಕಣ್ಣಿಗೂ ಬೀಳುತ್ತಿರಲಿಲ್ಲ. ಅದಕ್ಕೆ ಸಂಬಳ ಕೊಡುತ್ತಿರಲಿಲ್ಲ, ಅಷ್ಟೇ.

ಜಾಕೆಟ್ಟಿನೊಳಗೆ ಏನಿದೆ ಎಂದು ಹೊರಗಿನವರಿಗೆ ಹೇಳಿದರೆ ಕೆಲಸ ಹೋಗುತ್ತದೆ, ಲೈಸೆನ್ಸೂ ಹೋಗುತ್ತದೆ. ಕೇಳಿದವರಿಗೆಲ್ಲ “ಲಾಜಿಸ್ಟಿಕ್ಸ್” ಅನ್ನಬೇಕು. ಊರ್ಮಿಳಾಗೆ ಮಾತ್ರ ಗೊತ್ತು, ಹೆಂಡತಿ ಅಂತ. ಅವಳೂ ಮಗಳು ಪ್ರಣತಿಯೂ ಇನ್ನೂ ಮೆಲ್ಬರ್ನಿನ ಟಾರ್ನೀಟಿನಲ್ಲಿ. ಅಲ್ಲಿಯ ಲೀಸು ಆಗಸ್ಟ್ 16ಕ್ಕೆ ಮುಗಿಯುತ್ತದೆ. 18ಕ್ಕೆ ಊರ್ಮಿಳಾ ಇಲ್ಲಿಯ ಆಸ್ಪತ್ರೆಯಲ್ಲಿ ನರ್ಸ್ ಕೆಲಸಕ್ಕೆ ಸೇರಬೇಕು. ನಾನು ನಾಲ್ಕು ಜನರ ರೂಮಿನಲ್ಲಿದ್ದೇನೆ. ಮನೆಗೆ ಹಾಕಿದ ಅರ್ಜಿ ಇಪ್ಪತ್ತಾರು. ಇಪ್ಪತ್ತಾರಕ್ಕೂ ಒಂದೇ ಇಮೇಲ್, ಅನ್‌ಫಾರ್ಚುನೇಟ್ಲಿ.

ಜೂನ್ 27, ಶುಕ್ರವಾರ

ಏನಾಯಿತು ಎಂದು ಸರಿಯಾಗಿ ಬರೆದಿಡಬೇಕು. ತಲೆ ಕೆಟ್ಟಿದೆ.

ಅಂಗಡಿಯವನು ಒಳಗೆ ಮಾಲು ತೂಗುತ್ತಿದ್ದ. ನಾನು ಕೌಂಟರಿನ ಪಕ್ಕ. ಜಾಕೊಬ್ ಫೋನು ಮಾಡಿ ಪಾರ್ಕಿಂಗ್ ಸಿಕ್ಕಿಲ್ಲ ಎಂದ. ಕನ್ನಡದಲ್ಲಿ ಉತ್ತರ ಕೊಟ್ಟೆ. ಓಲೆ ನೋಡುತ್ತಿದ್ದವನೊಬ್ಬ ತಿರುಗಿದ.

“ಕನ್ನಡದವರಾ ಸಾರ್? ನಾನು ಭಾಸ್ಕರ. ಮೈಸೂರು, ಸರಸ್ವತಿಪುರಂ. ತಾವು?”

“ವಿರುಪಾಕ್ಷ. ಕೂಡ್ಲಿಗಿ.”

ಹೆಸರಿನಲ್ಲಿ ಅವನಿಗೆ ಏನೂ ಸಿಗಲಿಲ್ಲ. ಊರಿನಲ್ಲೂ ಸಿಗಲಿಲ್ಲ. ಅಪ್ಪನ ಹೆಸರು ಕೇಳಿದ. ಅದೂ ದೇವರ ಹೆಸರೇ. ಏನು ಕೆಲಸ? ಲಾಜಿಸ್ಟಿಕ್ಸ್. ಎಲ್ಲಿ ಮನೆ? ಹುಡುಕುತ್ತಿದ್ದೇನೆ.

“ಹೌದಾ. ನಮ್ದು ಕ್ವೇಕರ್ಸ್ ಹಿಲ್. ಹಿತ್ತಲಲ್ಲೊಂದು ಪುಟ್ಟ ಮನೆ, ಗ್ರ್ಯಾನಿ ಫ್ಲ್ಯಾಟ್, ಖಾಲಿ ಇದೆ. ಏಜೆಂಟ್ ಇಲ್ಲ ಸಾರ್, ನಮ್ಮವರು ಸಿಕ್ಕಿದ್ರೆ ಕೊಡೋಣ ಅಂತ.” ಹೇಳುತ್ತಲೇ ನನ್ನ ಎಡ ಭುಜದ ಮೇಲೆ ಕೈಯಿಟ್ಟ. ತಟ್ಟಿದ. ಆ ಕೈಯನ್ನು ಬೆನ್ನಿನ ಮೇಲೆ ಕೆಳಗೆ ಎಳೆದ.

ಈ ತಟ್ಟು ನನಗೆ ಗೊತ್ತು. ಇಪ್ಪತ್ತು ವರ್ಷದ ಹಿಂದೆ ಬಳ್ಳಾರಿಯ ಬೀದಿಯಲ್ಲಿ ಇದರ ವಿರುದ್ಧ ಭಾಷಣ ಮಾಡಿದವನು ನಾನು. ಪ್ರೀತಿಯಲ್ಲ, ತಪಾಸಣೆ. ಶರ್ಟಿನಡಿಯ ಜನಿವಾರ ಹುಡುಕುವ ಬೆರಳು. ಸಮುದ್ರ ದಾಟಿದರೂ ಆ ಬೆರಳಿಗೆ ವೀಸಾ ಬೇಕಾಗಲಿಲ್ಲ.

ನನ್ನ ಬಲಗೈ ಆಗಲೇ ಜಾಕೆಟ್ಟಿನ ಜಿಪ್ಪಿನ ಮೇಲಿತ್ತು. ಟ್ರೇನಿಂಗ್ ಹಾಗೆ. ಬೆನ್ನಿಗೆ ಕೈ ಬಿದ್ದರೆ ಒಂದೇ ಅರ್ಥ.

ಅವನ ಬೆರಳು ಪಟ್ಟಿಯ ಮೇಲೆ ನಿಂತಿತು. ಮುಖ ಅರಳಿತು.

“ಗೊತ್ತಾಯ್ತು ಬಿಡಿ ಸಾರ್. ಕೇಳೋದೇ ಬೇಕಾಗಿರ್ಲಿಲ್ಲ. ಗಟ್ಟಿ ಹುರಿ, ಊರಿಂದಲೇ ತರಿಸ್ತೀರಾ? ಇಲ್ಲಿ ಸಿಗೋದು ವಾರಕ್ಕೇ ಪಿಸಿಯುತ್ತೆ.”

ನಾನು ಏನು ಹೇಳಬೇಕಿತ್ತು? ಜನಿವಾರವಲ್ಲ ಎಂದರೆ ಏನು ಎಂದು ಕೇಳುತ್ತಾನೆ. ಕೆಳಗೆ ಊಟದ ಬ್ಯಾಗು, ಬಾಗಿಲಲ್ಲಿ ಜನ.

“ಹೂಂ” ಎಂದೆ.

ಒಂದು ಹೂಂ.

ಜೂನ್ 28

ಊರ್ಮಿಳಾಗೆ ಫೋನಿನಲ್ಲಿ ಹೇಳಿದೆ. ನಕ್ಕಳು. ಕೆಮ್ಮು ಬರುವ ತನಕ ನಕ್ಕಳು. ನಮ್ಮ ಮದುವೆಯಲ್ಲಿ ಪುರೋಹಿತನಿರಲಿಲ್ಲ, ತಾಳಿ ಇರಲಿಲ್ಲ. ಇಬ್ಬರೂ ಜಾಥಾದ ಲಾರಿಯಿಂದಿಳಿದು ಹಾರ ಹಾಕಿಕೊಂಡವರು.

“ಹೋಗಿ ಮನೆ ನೋಡ್ತೀಯಾ?”

“ನೋಡೋದರಲ್ಲೇನು?”

“ಹೋಗು. ಹುರಿ ಬೇಕಾದ್ರೆ ನಾನೇ ಕಳಿಸ್ತೀನಿ, ಸಾಮಾನಿನ ಡಬ್ಬ ಕಟ್ಟೋದು ಒಂದು ಉಂಡೆ ಇದೆ.” ಅದರ ಹಿಂದೆಯೇ, “ಎರಡು ರೂಮಿದೆಯಾ?” ಎಂದಳು.

ಹಿಂದಿನಿಂದ ಪ್ರಣತಿ: “ಅಪ್ಪಾ, ಜಸ್ಟ್ ಟೇಕ್ ಇಟ್.”

ಜುಲೈ 6, ಭಾನುವಾರ

ಮನೆ ಚೆನ್ನಾಗಿದೆ. ಎರಡು ರೂಮು, ಸ್ಟೇಷನ್ನಿಗೆ ನಡೆದೇ ಹೋಗಬಹುದು. ಪ್ರಣತಿಯ ಮೇಜಿಗೆ ಕಿಟಕಿ.

ರಜೆ. ಪಿಸ್ತೂಲಿಲ್ಲ, ಪಟ್ಟಿಯಿಲ್ಲ. ದಪ್ಪ ಸ್ವೆಟರಿನ ಮೇಲೆ ಜಾಕೆಟ್ ಹಾಕಿ ಹೋದೆ. ಇವತ್ತು ಅಡಗಿಸಬೇಕಾದದ್ದು ಏನೂ ಇಲ್ಲದಿರುವುದನ್ನು.

ಊಟಕ್ಕೆ ಕೂರಿಸಿದರು. ಭಾಸ್ಕರನ ಹೆಂಡತಿ ಉಷಾ ಸಾರು ಬಡಿಸುತ್ತಾ, “ಕೂಡ್ಲಿಗಿ ಕಡೆ ನಮ್ಮವರು ಕಮ್ಮಿ ಅಲ್ವಾ?” ಎಂದರು.

“ಕಮ್ಮಿ” ಎಂದೆ. ಸುಳ್ಳಲ್ಲ. ನಮ್ಮ ಕೇರಿಯಲ್ಲಂತೂ ಒಬ್ಬರೂ ಇರಲಿಲ್ಲ.

ಎರಡನೇ ಸಲ ಅನ್ನ ಹಾಕಿದರು. ಭಾಸ್ಕರ ನನ್ನ ಮಾತು ಪೂರ್ತಿ ಕೇಳಿಸಿಕೊಂಡ. ನಡುವೆ ಬಾಯಿ ಹಾಕಲಿಲ್ಲ. ಹೊರಡುವಾಗ ಹೇಳಿದ: “ಆಗಸ್ಟ್ ಒಂಬತ್ತು ಉಪಾಕರ್ಮ. ಒಂದಷ್ಟು ಜನ ನಮ್ಮ ಗ್ಯಾರೇಜಲ್ಲೇ ಜನಿವಾರ ಬದಲಾಯಿಸ್ತೀವಿ. ಹೀಟರ್ ಇರುತ್ತೆ, ಶರ್ಟ್ ತೆಗೆದ್ರೂ ಚಳಿ ಗೊತ್ತಾಗಲ್ಲ. ಬನ್ನಿ, ಅವತ್ತೇ ಕೀ ಕೊಟ್ಬಿಡ್ತೀನಿ.”

ಜುಲೈ 25

ಹತ್ತೊಂಬತ್ತು ದಿನ ಬರೆದಿಲ್ಲ. ಬರೆಯಲು ನಾಚಿಕೆ.

ಹಿಡಿಸಿದೆ. ಅದನ್ನು ಬರೆಯಬೇಕು. ಭಾಸ್ಕರ ವಾರಕ್ಕೆರಡು ಸಲ ಫೋನು ಮಾಡುತ್ತಾನೆ. ವಿರುಪಾಕ್ಷ ಅವರೇ ಅನ್ನುತ್ತಾನೆ. ಸಲಹೆ ಕೇಳುತ್ತಾನೆ. ನನಗೆ ನಲವತ್ತಾರು. ಪರಿಚಯದ ಮೊದಲ ದಿನವೇ ಯಾರೂ ನನ್ನನ್ನು ಹೀಗೆ ನಂಬಿದ್ದಿಲ್ಲ. ಲಾಠಿ ತಿಂದು, ಸ್ಟೇಷನ್ನಿನಲ್ಲಿ ರಾತ್ರಿ ಕಳೆದು ಕೇಳಿದ್ದ ಮರ್ಯಾದೆ. ಒಂದು ಚರ್ಮದ ಪಟ್ಟಿಗೆ ಸಿಕ್ಕಿಬಿಟ್ಟಿತು. ಥೂ.

ಇವತ್ತು ಇಂಡಿಯನ್ ಅಂಗಡಿಯಲ್ಲಿ ಬೇಳೆ ತರಲು ಹೋಗಿ, ಪೂಜೆ ಸಾಮಾನಿನ ಸಾಲಿನಲ್ಲಿ ನಿಂತೆ. ಜನಿವಾರ. ಪ್ಯಾಕೆಟ್ಟಿಗೆ ಎರಡು. ತಂದೆ. ಯಾಕೆ ತಂದೆ?

ಬಾತ್‌ರೂಮಿನಲ್ಲಿ ಚಿಲಕ ಹಾಕಿ, ಒಂದನ್ನು ತೊಟ್ಟುಕೊಂಡೆ. ಪಟ್ಟಿ ಉಜ್ಜಿ ಎಡ ಭುಜದ ಮೇಲೆ ಕಪ್ಪು ಗೆರೆ ಬಿದ್ದಿದೆ. ದಾರ ಸರಿಯಾಗಿ ಆ ಗೆರೆಯ ಮೇಲೇ ಕೂತಿತು. ಅಳತೆ ಕೊಟ್ಟು ಮಾಡಿಸಿದ ಹಾಗೆ. ಪಿಸ್ತೂಲಿಗಿಂತ ಭಾರ. ಉಪಮೆಗಾಗಿ ಹೇಳುತ್ತಿಲ್ಲ.

ಕಸದ ಡಬ್ಬಿಗೆ ಹಾಕಿದೆ. ಅರ್ಧ ಗಂಟೆಯ ಮೇಲೆ ತೆಗೆದೆ. ಈಗ ಡ್ರಾಯರಿನಲ್ಲಿದೆ. ಪಿಸ್ತೂಲು ಮರೆಮಾಡಲು ಸರ್ಕಾರದ ಪರವಾನಗಿ ಇದೆ. ಇದಕ್ಕೆ ಯಾರನ್ನು ಕೇಳಲಿ?

ಜುಲೈ 31

ಕಾರಿನಲ್ಲಿ ಜಾಕೊಬ್‌ಗೆ ಹೇಳಿದೆ. ಅವನು ಎಲ್ಲ ಕೇಳಿಸಿಕೊಂಡು ಸಿಗ್ನಲ್ ಹಸಿರಾದರೂ ಗಾಡಿ ಬಿಡಲಿಲ್ಲ.

“ಎಂತದಾ ಇದು. ಒಂದು ವೇಳೆ ನಾನಾಗಿದ್ರೆ ಕುತ್ತಿಗೆಯ ಶಿಲುಬೆ ತೋರಿಸಿ ಮುಗಿಸ್ತಿದ್ದೆ. ಮನೆಯೂ ಸಿಕ್ತಿರ್ಲಿಲ್ಲ, ತಲೆಬಿಸಿಯೂ ಇರ್ತಿರ್ಲಿಲ್ಲ.”

“ನಾನೇನು ಮಾಡಲಿ ಹೇಳು.”

“ಜಾತಿ ಹೇಳು, ಅದು ನಿನ್ನದು. ಪಟ್ಟಿ ಹೇಳ್ಬೇಡ, ಅದು ಕಂಪನಿದು. ನನ್ನ ಹೊಟ್ಟೆಪಾಡು ಕೂಡ ಅದರಲ್ಲಿ ಉಂಟು.”

ಆಗಸ್ಟ್ 8

ಊರ್ಮಿಳಾ ಲಾರಿ ಬುಕ್ ಮಾಡಿದ್ದಾಳೆ. ಹದಿನಾರಕ್ಕೆ ಟಾರ್ನೀಟಿನಿಂದ ಹೊರಡುತ್ತದೆ. ಬೇರೆ ಮನೆ ಸಿಕ್ಕಿಲ್ಲ. ಅರ್ಜಿ ಮೂವತ್ತನಾಲ್ಕು.

“ಕೀ ಇಸ್ಕೊಂಡ ಮೇಲೆ ಹೇಳು,” ಎಂದಳು. ಸ್ವಲ್ಪ ಹೊತ್ತಿಗೆ ಮತ್ತೆ ಫೋನು ಮಾಡಿದಳು. “ಬೇಡ. ಮೊದಲೇ ಹೇಳು. ನಾನು ಹಾಗೆ ಹೇಳಿದ್ದು ಮರೆತುಬಿಡು.” ಅಳುತ್ತಿದ್ದಳೋ ಏನೋ.

ಆಗಸ್ಟ್ 9, ಶನಿವಾರ

ಡ್ರಾಯರಿನ ಜನಿವಾರ ಕತ್ತರಿಸಿ ಬಿಸಾಕಿ ಭಾಸ್ಕರನ ಮನೆಗೆ ಹೋದೆ.

ಗ್ಯಾರೇಜಿನಲ್ಲಿ ಆರು ಜನ. ಬರಿ ಮೈ, ನಡುವೆ ಹೀಟರ್, ಗೋಡೆಗೆ ಒರಗಿಸಿದ ಲ್ಯಾಪ್‌ಟಾಪಿನಲ್ಲಿ ಮಂತ್ರ. ಭಾಸ್ಕರ ಹೊಸದು ಹಾಕಿಕೊಂಡಿದ್ದ, ಹಳೆಯದು ಇನ್ನೂ ತೆಗೆದಿರಲಿಲ್ಲ.

“ಬನ್ನಿ ಸಾರ್, ಶರ್ಟ್ ತೆಗೀರಿ. ಹತ್ತು ನಿಮಿಷದ ಕೆಲಸ.”

ಹೊರಗೆ ಕರೆದೆ. ಬಟ್ಟೆ ಒಣಹಾಕುವ ಜಾಗ. ಚಳಿಗೆ ಅವನ ಮೈಮೇಲೆ ಗುಳ್ಳೆ ಎದ್ದಿತ್ತು.

“ನಾನು ಮಾದಿಗರವನು. ಜನಿವಾರ ಹಾಕುವವನಲ್ಲ. ಅವತ್ತೇ ಹೇಳಬೇಕಿತ್ತು, ಹೇಳಲಿಲ್ಲ. ಅದು ನನ್ನ ತಪ್ಪು. ತಟ್ಟಿ ನೋಡಿದ್ದು ನಿಮ್ಮ ತಪ್ಪು.”

“ಅಯ್ಯೋ, ಅದರಲ್ಲೇನಿದೆ. ನಾವೆಲ್ಲ ಅದನ್ನ...” ನೆಲ ನೋಡಿದ. ತಲೆಯೆತ್ತಿದ. “ಮತ್ತೆ ಅವತ್ತು ನನ್ನ ಕೈಗೆ ಸಿಕ್ಕಿದ್ದೇನು?”

“ಹೇಳುವಂತಿಲ್ಲ.”

“ಹೇಳುವಂತಿಲ್ಲ ಅಂದ್ರೆ?”

“ಕೆಲಸದ್ದು.”

ನನ್ನ ಎದೆ ನೋಡಿದ. ಜಾಕೆಟ್ಟಿನ ಗುಂಡಿ ನೋಡಿದ. ಮುಖದ ಬಣ್ಣ ಇಳಿಯುತ್ತಾ ಹೋಯಿತು.

“ವೈರಾ? ರೆಕಾರ್ಡಿಂಗಾ?” ದನಿ ಸಣ್ಣದಾಯಿತು. “ನೋಡಿ ಸಾರ್, ನಮ್ಮವರಿಗೆ ಕೊಡ್ತೀನಿ ಅಂದಿದ್ದು ವೆಜ್ ಅನ್ನೋ ಅರ್ಥದಲ್ಲಿ. ಇಲ್ಲೂ ಜಾತಿ ಕೇಳಿದ್ರೆ ಕೇಸ್ ಹಾಕ್ತಾರೆ ಅಂತ ಆಫೀಸಲ್ಲಿ ಮಾತಾಡ್ತಿದ್ರು. ನನ್ನ ಸಿಟಿಜನ್‌ಶಿಪ್ ಇನ್ನೂ ಆಗಿಲ್ಲ. ನೀವು ಯಾವ ಸಂಘದಿಂದ ಬಂದಿದ್ದೀರಿ?”

ಅಲ್ಲ ಎನ್ನಬೇಕಿತ್ತು. ವೈರಲ್ಲ ಎಂದರೆ ಮತ್ತೇನು ಎನ್ನುತ್ತಾನೆ. ಪೊಲೀಸಿಗೆ ಹೇಳುತ್ತಾನೆ. ಇಷ್ಟು ಯೋಚಿಸುವಷ್ಟರಲ್ಲಿ ಮಾತಾಡಬೇಕಾದ ಹೊತ್ತು ಕಳೆದುಹೋಗಿತ್ತು.

ಬರಿ ಮೈಯಲ್ಲೇ ಒಳಗೆ ಓಡಿದ. ಕೀ ತಂದ. ಎರಡೂ ಕೈಯಲ್ಲಿ ಕೊಟ್ಟ.

“ಮನೆ ನಿಮ್ದೇ. ಸೋಮವಾರ ಲೀಸ್ ಸೈನ್ ಮಾಡೋಣ. ನಾನ್‌ವೆಜ್ ಮಾಡ್ಕೊಳ್ಳಿ, ನಂದೇನೂ ಅಭ್ಯಂತರ ಇಲ್ಲ. ಇದನ್ನೂ ರೆಕಾರ್ಡ್ ಮಾಡ್ಕೊಳ್ಳಿ.”

ತೆಗೆದುಕೊಂಡೆ.

ಆಗಸ್ಟ್ 10

“ಹೇಳಿದೆಯಾ?”

“ಹೇಳಿದೆ.”

“ಏನಂದ?”

“ಕೀ ಕೊಟ್ಟ.”

“ಜನ ಬದಲಾಗ್ತಾರೆ ಕಣೋ,” ಎಂದಳು ಊರ್ಮಿಳಾ. ಇಪ್ಪತ್ತು ವರ್ಷದಲ್ಲಿ ಅವಳ ಬಾಯಿಂದ ಆ ಮಾತು ಕೇಳಿರಲಿಲ್ಲ. ಅವಳಿಗೆ ವೈರಿನ ವಿಷಯ ಹೇಳಲಿಲ್ಲ.

ನಾನು ಹೆದರಿಸಲಿಲ್ಲ. ಪಿಸ್ತೂಲು ಡಿಪೋದಲ್ಲಿತ್ತು. ಬರಿಗೈಯಲ್ಲಿ ನಿಂತಿದ್ದೆ. ಅವನು ಹೆದರಿದ, ಮನೆ ಕೊಟ್ಟ. ಹಾಗಾದರೆ ಇದು ಗೆದ್ದದ್ದಾ, ದೋಚಿದ್ದಾ? ಮೊದಲು ಜನಿವಾರವೆಂದು ಕೊಟ್ಟ, ಆಮೇಲೆ ವೈರೆಂದು ಕೊಟ್ಟ. ನನಗೆ ಅಂತ ಕೊಟ್ಟದ್ದು ಯಾವಾಗ?

ಆಗಸ್ಟ್ 17, ಭಾನುವಾರ. ಬೆಳಗ್ಗೆ 8.10

ನಿನ್ನೆ ರಾತ್ರಿ ಬಂದರು. ಒಂಬತ್ತು ತಿಂಗಳ ಮೇಲೆ ಮೂವರೂ ಒಂದೇ ಸೂರಿನಡಿ. ಡಬ್ಬಗಳ ನಡುವೆ ಕೂತು ಬರೆಯುತ್ತಿದ್ದೇನೆ. ಪ್ರಣತಿ ಇನ್ನೂ ಎದ್ದಿಲ್ಲ. ಊರ್ಮಿಳಾ ಕಿಟಕಿಯ ಹತ್ತಿರ ಕಾಫಿ ಹಿಡಿದು ನಿಂತಿದ್ದಾಳೆ. ನಾಳೆ ಡ್ಯೂಟಿ.

ಈಗಷ್ಟೇ ಕಸದ ಡಬ್ಬಿ ಎಳೆದುಕೊಂಡು ಹೊರಗೆ ಹೋಗಿದ್ದೆ. ಭಾಸ್ಕರನೂ ಎದುರಿಗೆ ಬಂದ. ನನ್ನನ್ನು ಕಂಡು ಎರಡು ಹೆಜ್ಜೆ ಹಿಂದೆ ಹೋದ. ಪೂರಾ ಎರಡು. ಕೈ ಎದೆಗೆ ತಂದು, ಗುಡ್ ಮಾರ್ನಿಂಗ್ ಸಾರ್ ಎಂದ. ಕೂಡ್ಲಿಗಿಯ ಚಹಾದಂಗಡಿಯವನು ಅಪ್ಪ ಬಂದಾಗ ಹಿಂದೆ ಸರಿಯುತ್ತಿದ್ದದ್ದೂ ಇಷ್ಟೇ ದೂರ. ಇವನು ಸರಿದದ್ದು ವೈರಿನ ಭಯಕ್ಕೋ, ಜಾತಿಗೋ? ಅವನ ಮುಖ ನೋಡಿದೆ. ಗೊತ್ತಾಗಲಿಲ್ಲ. ಅವನಿಗೂ ಗೊತ್ತಿದೆಯೋ ಇಲ್ಲವೋ.

ಊರ್ಮಿಳಾ ಕಿಟಕಿಯಿಂದ ನೋಡಿದ್ದಾಳೆ.

“ಅವನ್ಯಾಕೆ ನಿನ್ನ ನೋಡಿ ಹಿಂದೆ ಹೋದ?”

ವೈರು ಎಂದು ಹೇಳಿದರೆ, ಹೆದರಿಸಿ ಪಡೆದ ಮನೆ ಬೇಡ ಅನ್ನುತ್ತಾಳೆ. ಹೇಳದಿದ್ದರೆ ಜಾತಿಗೇ ಅಂದುಕೊಳ್ಳುತ್ತಾಳೆ. ಅಂದುಕೊಂಡು ಸುಮ್ಮನಿರುವವಳಲ್ಲ. ಬರೆದು ಮುಗಿಸಿ ಹೇಳುತ್ತೇನೆ ಎಂದೆ.

ಕಾಫಿ ಲೋಟ ಡಬ್ಬದ ಮೇಲಿಟ್ಟಳು. ಚಪ್ಪಲಿ ಹಾಕಿಕೊಳ್ಳುತ್ತಿದ್ದಾಳೆ. “ನೀನು ಬರಿ. ನಾನೇ ಅವನನ್ನ ಕೇಳ್ಕೊಂಡ್ ಬರ್ತೀನಿ” ಎಂದಳು. ಊರ್ಮಿಳಾ, ನಿಲ್ಲು ಎಂದೆ. ನಿಲ್ಲಲಿಲ್ಲ. ಬಾಗಿಲು ತೆಗೆಯುತ್ತಿದ್ದಾ—