ತೊರೆಯ ಬದಿಯ ಗೆಡ್ಡೆ

ಪೆನ್ರಿನ್, ಕಾರ್ನ್‌ವಾಲ್
ನವೆಂಬರ್ 14

ಪ್ರಿಯ ಪಿರನ್,

ಎರಡು ವರ್ಷದಿಂದ ನಮ್ಮಿಬ್ಬರ ನಡುವೆ ವಕೀಲರ ಕಾಗದಗಳಷ್ಟೇ ಓಡಾಡಿವೆ. ಇವತ್ತು ನನ್ನ ಕೈಬರಹ ಕಂಡು ಗಾಬರಿಯಾಗಬೇಡ. ನಿನ್ನಿಂದ ಒಂದು ಉಪಕಾರವಾಗಬೇಕು.

ನಾನು ಅಡುಗೆಗಿರುವ ಬೊಲಿಥೊ ಬಂಗಲೆಯ ಹಳೆಯ ಅಡುಗೆ ಪುಸ್ತಕ ನಿನಗೆ ನೆನಪಿರಲೇಬೇಕು; ನಮ್ಮ ಜಗಳಗಳಲ್ಲಿ ಅರ್ಧ ಅದರದೇ. ಮುನ್ನೂರು ವರ್ಷದ ಹಿಂದೆ ಆ ಮನೆಯ ಹೆಂಗಸೊಬ್ಬಳು ಬರೆದಿಟ್ಟ ಸ್ಕಿರೆಟ್ ಗೆಡ್ಡೆಯ ಪೈಯನ್ನು ಅವಳು ಹೇಳಿದಂತೆಯೇ ಮಾಡಬೇಕೆಂದು ನಾಲ್ಕು ವರ್ಷ ಒದ್ದಾಡಿದೆ. ಆಲೂಗಡ್ಡೆ ಬರುವ ಮೊದಲು ನಮ್ಮವರು ತಿನ್ನುತ್ತಿದ್ದ ಸಿಹಿ ಗೆಡ್ಡೆ ಅದು. ತೋಟಗಾರ ಜಾಗೋ ನನಗೋಸ್ಕರ ಬೀಜ ಹಾಕಿ ಒಂದು ಪಾತಿ ಬೆಳೆಸಿದ್ದ.

ಕಳೆದ ಶನಿವಾರ ಅದನ್ನು ಸವಿಯಲು ಹನ್ನೊಂದು ಜನ ಕೂತರು. ಜಾಗೋ ಬುಟ್ಟಿ ತಂದಿಟ್ಟ. ತೊಳೆದೆ, ಹೆಚ್ಚಿದೆ, ಬೆಣ್ಣೆ, ದಾಲ್ಚಿನ್ನಿ, ಜಾಪತ್ರೆ, ಗುಲಾಬಿ ನೀರು ಹಾಕಿ, ಹಿಟ್ಟಿನ ಹೊದಿಕೆಯೊಳಗಿಟ್ಟು ಬೇಯಿಸಿದೆ. ಹಿರಿಯರೆಂದು ಮನೆಯೊಡತಿ ಮಿಸೆಸ್ ಬೊಲಿಥೊಗೆ ಮೊದಲು ಬಡಿಸಿ, ಉಳಿದವರ ತಟ್ಟೆಗೂ ಹಾಕಿ ಅಡುಗೆಮನೆಗೆ ಬಂದೆ. ಗೆಡ್ಡೆ ಎಷ್ಟು ದಪ್ಪಗಿತ್ತೆಂದು ಜಾಗೋನನ್ನು ಹೊಗಳಿದೆ. ಅವನು ನಕ್ಕ.

"ಪಾತೀಲಿ ಬರೀ ಬೆರಳಷ್ಟಿತ್ತು ಮಗಳೇ. ಕೆಳಗಡೆ, ತೊರೆ ಪಕ್ಕಾನೂ ಅದೇ ಗಿಡ ಎದ್ದಿತ್ತು, ಅದಕ್ಕೇ ಅಲ್ಲಿ ಅಗೆದೆ. ನೀರು ಕುಡಿದು ಹೆಂಗೆ ಕೊಬ್ಬಿದಾವೆ ನೋಡು!"

ತೊರೆಯ ಪಕ್ಕ ನಾವು ಏನನ್ನೂ ಬಿತ್ತಿರಲಿಲ್ಲ. ಅಲ್ಲಿ ಬೆಳೆಯುವುದು ಏನೆಂದು ನಿನಗೆ ಹೇಳಬೇಕೆ? ನಮ್ಮ ಕಡೆ 'ಸತ್ತವನ ಬೆರಳು' ಅನ್ನುವ ವಿಷಗೆಡ್ಡೆ.

"ತಿನ್ನಬೇಡಿ! ಉಗೀರಿ!" ಎಂದು ಕೂಗುತ್ತ ಓಡಿದೆ. ಹತ್ತು ಜನ ಹಿರಿಯಾಕೆಯ ಮಾತಿಗೆ ಕಾಯುತ್ತ ಚಮಚ ಹಿಡಿದು ಕೂತಿದ್ದರು. ಆಕೆ ಆಗಲೇ ಎರಡು ತುತ್ತು ನುಂಗಿ ತುಟಿ ಒರೆಸಿಕೊಳ್ಳುತ್ತಿದ್ದರು.

"ಯಾಕೆ ಹೀಗೆ ಕಿರುಚ್ತೀಯ ಲವ್‌ಡೇ? ತುಂಬಾ ಚೆನ್ನಾಗಿದೆ ಕಣೇ."

ಆಂಬ್ಯುಲೆನ್ಸ್ ಬರಲು ನಲವತ್ತು ನಿಮಿಷ. ಅದು ಗೇಟಿನೊಳಗೆ ತಿರುಗುವಾಗ ಸೆಳವು ಶುರುವಾಯಿತು. ಆಕೆಯ ತಲೆ ನನ್ನ ತೊಡೆಯ ಮೇಲಿತ್ತು. ನಾಲಗೆ ಕಚ್ಚಿಕೊಂಡು ಬಾಯಿಂದ ರಕ್ತ ಬಂತು. ಮೂರು ದಿನ ಯಂತ್ರದ ಉಸಿರು. ನಾಲ್ಕನೆಯ ದಿನ ಕಣ್ಣು ಬಿಟ್ಟರು. ಬದುಕಿದ್ದಾರೆ, ಪಿರನ್. ಎಡಗೈ ಮಾತ್ರ ಇನ್ನೂ ನಡುಗುತ್ತಿದೆ.

ಊರೆಲ್ಲ ಜಾಗೋನನ್ನೇ ಬೈಯುತ್ತಿದೆ. ನಲವತ್ತಾರು ವರ್ಷ ಆ ತೋಟದಲ್ಲಿ ದುಡಿದವನು ತಾನೇ ಬಂದು ಬೀಗದ ಕೈ ಮೇಜಿನ ಮೇಲಿಟ್ಟ. "ಅಗೆದವನು ನಾನು, ತಂದವನು ನಾನು. ಇನ್ನೇನು ಹೇಳ್ಲಿ?" ಎಂದ. ಪಕ್ಕದಲ್ಲೇ ನಿಂತಿದ್ದ ನಾನು ಬಾಯಿ ಬಿಡಲಿಲ್ಲ.

ಮುಂದಿನ ಗುರುವಾರ ವಿಚಾರಣೆ. ಸಸ್ಯಶಾಸ್ತ್ರದಲ್ಲಿ ನಿನ್ನ ಮಾತಿಗೆ ಬೆಲೆಯಿದೆ. ಸೊಪ್ಪು ಬಾಡಿ, ತೊಳೆದಿಟ್ಟ ಮೇಲೆ ಈ ಎರಡು ಗೆಡ್ಡೆಗಳನ್ನು ತಿಳಿದವರೂ ಗುರುತಿಸಲಾರರು ಎಂದು ಒಂದು ಪುಟ ಬರೆದುಕೊಡು. ಜಾಗೋಗೂ ಅದರಿಂದ ಒಳ್ಳೆಯದೇ.

ನಿನ್ನ ಹೆಂಡತಿಯಾಗಿದ್ದ,
ಲವ್‌ಡೇ

ತಾ.ಕ.: ಲಕೋಟೆ ಅಂಟಿಸಿ ಮತ್ತೆ ಬಿಚ್ಚಿದೆ. ಆ ಪುಟ ಬರೆಯಬೇಡ. ಮೂರನೆಯ ಗೆಡ್ಡೆ ಹೆಚ್ಚುವಾಗ ಹಳದಿ ರಸ ಒಸರಿ ಮಣೆಗೆಲ್ಲ ಕೇಸರಿಯಂತೆ ಹತ್ತಿತು. ಹಳದಿ ಕಂಡರೆ ಬಿಸಾಡು ಎಂದು ಹೇಳಿಕೊಟ್ಟವನೇ ನೀನು, ನಾವು ಮದುವೆಯಾದ ಹೊಸತರಲ್ಲಿ. ಕೈ ತಡೆಯಿತು. ಆದರೆ ಜನ ಬಂದು ಕೂತಿದ್ದರು, ಇನ್ನೊಮ್ಮೆ ಅಗೆಸಲು ಹೊತ್ತಿರಲಿಲ್ಲ. ಹಳೆಯ ತಳಿ, ಹೀಗೂ ಇದ್ದೀತು ಎಂದುಕೊಂಡು ಮಣೆ ತೊಳೆದುಬಿಟ್ಟೆ. ಈಗ ಜಾಗೋನ ಮನೆಗೆ ಹೊರಟಿದ್ದೇನೆ. ಮೊದಲು ಅವನಿಗೆ ಹೇಳಿ, ಗುರುವಾರ ಎಲ್ಲರಿಗೂ ಹೇಳುತ್ತೇನೆ. ಮೇಲಿನದನ್ನು ಹರಿಯದೆ ಕಳಿಸುತ್ತಿದ್ದೇನೆ. ನಿನ್ನ ಕೈಯಿಂದ ಏನು ಬರೆಸಲು ಹೊರಟಿದ್ದೆ ಎಂಬುದೂ ನಿನಗೆ ಗೊತ್ತಿರಲಿ.